ಭಜನೆ ಮನೆಯ ಕೊಠಡಿಯಲ್ಲಿ ಚಿತ್ರಶಾಲೆ: ಬಣ್ಣ ಕೊಳ್ಳುವ ಮೊದಲು

ಬಡಾವಣೆಯ ರಾಮಮಂದಿರದ ಪಕ್ಕದ ಕೊಠಡಿ ಖಾಲಿ ಬಿದ್ದಿದೆ, ಅಲ್ಲಿ ಎಲ್ಲರೂ ಸೇರಿ ಮೈಸೂರು ಶೈಲಿಯ ದೇವರ ಚಿತ್ರ ಬರೆಯುವಂತೆ ಮಾಡಬೇಕು, ಏನೇನು ಸಾಮಾನು ತರಲಿ ಎಂದು ಕೇಳಿದ್ದೀರಿ. ಸಾಮಾನು ದೊಡ್ಡ ವಿಷಯವಲ್ಲ. ಅದಕ್ಕಿಂತ ಮೊದಲು ಒಂದು ಮಾತು ಇತ್ಯರ್ಥವಾಗಬೇಕು: ಆ ಕೊಠಡಿ ದೇವಸ್ಥಾನವೋ, ಕೆಲಸದ ಮನೆಯೋ?

ಸಮಿತಿಯವರು ಈಗ ಖುಷಿಯಿಂದ ಹೂಂ ಎನ್ನುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಮುಟ್ಟಾದವರು ಬರಬಹುದೇ? ಸೂತಕದ ಮನೆಯವರು ಕುಂಚ ಹಿಡಿಯಬಹುದೇ? ಡಬ್ಬಿಯಲ್ಲಿ ಮೊಟ್ಟೆ ತಂದವರು ಅಲ್ಲೇ ಕೂತು ಊಟ ಮಾಡಬಹುದೇ? ಪಕ್ಕದ ರಸ್ತೆಯ ಮುಸ್ಲಿಂ ಹುಡುಗಿ ಚೆನ್ನಾಗಿ ಚಿತ್ರ ಬರೆಯುತ್ತಾಳೆ, ಅವಳನ್ನು ಸೇರಿಸಿಕೊಳ್ಳಬಹುದೇ? ಇವುಗಳಿಗೆ ಉತ್ತರ ಮೊದಲೇ ಇರಬೇಕು. ನನ್ನ ಅಭಿಪ್ರಾಯ ಕೇಳಿದರೆ, ಅದು ಕೆಲಸದ ಮನೆ. ಗರ್ಭಗುಡಿಯ ನಿಯಮ ಗರ್ಭಗುಡಿಯಲ್ಲಿರಲಿ. ಮಡಿಯ ಲೆಕ್ಕ ಹಾಕಲು ಕೂತರೆ ತಿಂಗಳಿಗೆ ನಾಲ್ಕೈದು ದಿನ ಹೆಂಗಸರು ಮನೆಯಲ್ಲೇ ಉಳಿಯುತ್ತಾರೆ. ಇಂಥ ತರಗತಿಗೆ ಬರುವವರಲ್ಲಿ ಅವರೇ ಹೆಚ್ಚು. ಊಟದ ವಿಷಯದಲ್ಲಿ ಮಾತ್ರ ಸಮಿತಿಯ ಮಾತಿಗೆ ಒಪ್ಪಿಬಿಡಿ, ಅದಕ್ಕಾಗಿ ಜಗಳ ಬೇಡ. ಕೀಲಿಕೈ ಯಾರಲ್ಲಿರಬೇಕು, ಕರೆಂಟು ಬಿಲ್ಲು ಯಾರು ಕಟ್ಟಬೇಕು, ಮದುವೆ ಮುಂಜಿಗೆ ಕೊಠಡಿ ಬೇಕಾದಾಗ ಎಷ್ಟು ದಿನ ಮುಂಚೆ ಹೇಳಬೇಕು ಎಂಬುದೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಮಂದಿರ ಮುಜರಾಯಿಗೆ ಸೇರಿದ್ದಾದರೆ ಸಮಿತಿಯ ಬಾಯಿಮಾತು ಸಾಲದು, ಇಲಾಖೆಯ ಅನುಮತಿಯನ್ನು ಲಿಖಿತವಾಗಿ ಪಡೆಯಿರಿ.

ಇನ್ನೊಂದು ಸಂಗತಿ ಯಾರಿಗೂ ಮೊದಲಿಗೆ ಹೊಳೆಯುವುದಿಲ್ಲ. ಕೆಟ್ಟ ಚಿತ್ರಗಳನ್ನು ಏನು ಮಾಡುತ್ತೀರಿ? ಹೂವಿನ ಚಿತ್ರ ಕೆಟ್ಟರೆ ಮುದುಡಿ ಬಿಸಾಡುತ್ತೇವೆ. ಅರ್ಧ ಬರೆದ ಲಕ್ಷ್ಮಿಯನ್ನು ಬುಟ್ಟಿಗೆ ಹಾಕಲು ಯಾರಿಗೂ ಕೈ ಬರುವುದಿಲ್ಲ. ಆರು ತಿಂಗಳಲ್ಲಿ ಬೀರುವಿನ ತುಂಬ ಮೂಗು ಸೊಟ್ಟಗಿರುವ ದೇವರುಗಳು ಸೇರಿಕೊಳ್ಳುತ್ತಾರೆ. ಕಣ್ಣು ಬರೆಯುವವರೆಗೆ ಅದು ಬರೀ ಅಭ್ಯಾಸದ ಹಾಳೆ ಎಂದು ಮೊದಲ ದಿನವೇ ಹೇಳಿಬಿಡಿ. ಅಂಥ ಹಾಳೆಗಳನ್ನು ನೀರಿನಲ್ಲಿ ನೆನೆಸಿ, ಕಿವುಚಿ, ಹಳೆಯ ಕಾಗದಕ್ಕೆ ಕೊಟ್ಟುಬಿಡಿ. ಕಣ್ಣು ಬರೆಯುವ ಕೆಲಸ ಹೇಗೂ ಕೊನೆಯದು, ಹಾಗಾಗಿ ಈ ನಿಯಮ ಸುಲಭವಾಗಿ ನಡೆಯುತ್ತದೆ.

ಈಗ ಕೆಲಸಕ್ಕೆ ಬರೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಶೈಲಿ, 2005ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆದದ್ದು ಎಂಬ ಹೆಮ್ಮೆಯಲ್ಲಿ ಕೆಲವರು ಎಲ್ಲವೂ ಹಳೆಯ ಕ್ರಮದಲ್ಲೇ ಇರಬೇಕು ಎಂದು ಹಟ ಹಿಡಿಯುತ್ತಾರೆ. ಒಪ್ಪಬೇಡಿ. ಹಳೆಯ ಬಿಳಿಯಲ್ಲಿ ಸೀಸವಿದೆ, ಅರದಾಳದ ಹಳದಿಯಲ್ಲಿ ಆರ್ಸೆನಿಕ್ ಇದೆ, ಇಂಗಳೀಕದ ಕೆಂಪಿನಲ್ಲಿ ಪಾದರಸವಿದೆ. ಮಕ್ಕಳು ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವುದನ್ನು ನೀವು ನೋಡಿಯೇ ಇರುತ್ತೀರಿ. ಅಂಗಡಿಯಲ್ಲಿ ಸಿಗುವ ವಿದ್ಯಾರ್ಥಿಗಳ ಜಲವರ್ಣ ಸಾಕು. ಹುಣಸೆ ಕಡ್ಡಿಯನ್ನು ಸುಟ್ಟು ಮಾಡುವ ಇದ್ದಿಲ ಕಡ್ಡಿಯನ್ನು ಮಾತ್ರ ಬಿಡಬೇಡಿ. ಅದರ ಗೆರೆ ಬಟ್ಟೆಯಿಂದ ಕೊಡವಿದರೆ ಹೋಗುತ್ತದೆ, ಹೊಸಬರಿಗೆ ಧೈರ್ಯ ಬರುತ್ತದೆ.

ಉಬ್ಬುಕೆಲಸದ ಗೆಸ್ಸೊ, ಅಂದರೆ ಚಿನ್ನದ ಹಾಳೆಯ ಕೆಳಗೆ ಉಬ್ಬಿಗಾಗಿ ಹಾಕುವ ಲೇಪ, ಮಾಡಲು ಅರಬ್ಬಿ ಗೋಂದನ್ನು ರಾತ್ರಿಯೇ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ನುಣ್ಣನೆಯ ಸೀಮೆಸುಣ್ಣದ ಪುಡಿಯೊಂದಿಗೆ ಕಲ್ಲಿನ ಮೇಲೆ ಚೆನ್ನಾಗಿ ಅರೆಯಿರಿ. ನೀರು ದೋಸೆಯ ಹಿಟ್ಟಿನಂತೆ ಕುಂಚದಿಂದ ಇಳಿಯಬೇಕು. ಕಿರೀಟ, ಒಡವೆ, ಸೀರೆಯ ಅಂಚು ಇವುಗಳ ಮೇಲೆ ಕುಂಚದ ತುದಿಯಿಂದ ಎಳೆ ಎಳೆಯಾಗಿ ಹಾಕಿ. ತಂಜಾವೂರು ಚಿತ್ರದಂತೆ ದಪ್ಪ ಬೇಡ, ಕಲ್ಲು ಕೂರಿಸುವುದೂ ಬೇಡ. ಉಬ್ಬು ತೆಳ್ಳಗಿರುವುದೇ ಮೈಸೂರಿನ ಸೊಗಸು. ಒಣಗಲು ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ, ನೆರಳಿನಲ್ಲಿ ಬಿಡಿ. ಒಣಗಿದ ಮೇಲೆ ಉಗುರಿನಿಂದ ಮೆಲ್ಲಗೆ ಗೀರಿ ನೋಡಿ: ಪುಡಿ ಉದುರಿದರೆ ಗೋಂದು ಕಡಿಮೆಯಾಗಿದೆ.

ಚಿನ್ನದ ಹಾಳೆಗೆ ಎಲ್ಲರೂ ಮೊದಲ ವಾರವೇ ಆಸೆ ಪಡುತ್ತಾರೆ. ಮೊದಲ ಮೂರು ತಿಂಗಳು ಗೆರೆ, ಬಟ್ಟೆಯ ಮಡಿಕೆ, ಬೆರಳು ಇಷ್ಟನ್ನೇ ಬರೆಸಿ. ಗೊಣಗುತ್ತಾರೆ, ಗೊಣಗಲಿ. ಅಭ್ಯಾಸಕ್ಕೆ ಹಿತ್ತಾಳೆಯ ನಕಲಿ ಹಾಳೆ ಸಾಕು, ಆದರೆ ಅದು ಗಾಳಿಗೆ ಕಪ್ಪಾಗುತ್ತದೆ, ಮೇಲೆ ವಾರ್ನಿಷ್ ಬೇಕು. ಅಂಥ ಚಿತ್ರವನ್ನು ಮಾರುವಾಗ ಹಿಂಬದಿಯಲ್ಲಿ ‘ನಕಲಿ ಹಾಳೆ’ ಎಂದು ಬರೆಯಿರಿ. ಅಸಲಿ ಹಾಳೆ ಅಂಟಿಸುವ ದಿನ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ. ಸ್ವಿಚ್ಚಿನ ಮೇಲೆ ಕಾಗದ ಅಂಟಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಸೆಕೆಗೆ ಯಾರಾದರೂ ಬಂದು ಫ್ಯಾನ್ ಹಾಕಿಯೇ ಹಾಕುತ್ತಾರೆ, ಹಾಳೆ ಹಾರಿ ಗೋಡೆಗೆ ಅಂಟಿಕೊಳ್ಳುತ್ತದೆ.

ಎಲ್ಲರೂ ಸೇರಿ ಮಾಡಲು ಶ್ರೀರಾಮ ಪಟ್ಟಾಭಿಷೇಕಕ್ಕಿಂತ ಒಳ್ಳೆಯ ವಸ್ತು ಸಿಗದು. ಸೀತಾರಾಮರು, ತಮ್ಮಂದಿರು, ಹನುಮಂತ, ಋಷಿಗಳು, ಮಂಟಪ, ಕಂಬ, ಪರದೆ, ಹೀಗೆ ಪ್ರತಿಯೊಬ್ಬರ ಕೈಗೂ ಕೆಲಸ ಸಿಗುತ್ತದೆ. ಗೆರೆ ಬಾರದವರು ಕಂಬದ ಬಣ್ಣ ತುಂಬಲಿ, ಎಂಟು ವರ್ಷದ ಮಗು ಮೋಡ ಬರೆಯಲಿ. ಮುಖಗಳನ್ನು ಮಾತ್ರ ಒಬ್ಬರೇ ಬರೆಯಬೇಕು, ಇಲ್ಲವಾದರೆ ಲಕ್ಷ್ಮಣನೂ ಭರತನೂ ಬೇರೆ ಬೇರೆ ಊರಿನವರಂತೆ ಕಾಣುತ್ತಾರೆ. ಇಂಥ ಚಿತ್ರ ಮಂದಿರದ್ದು, ಮನೆಗೆ ಬರೆದುಕೊಂಡದ್ದು ಬರೆದವರದು ಎಂದು ಆರಂಭದಲ್ಲೇ ತಿಳಿಸಿ.

ದುಡ್ಡಿನ ವಿಷಯ ಚುಟುಕಾಗಿ: ಶುಲ್ಕ ಇರಲಿ, ಚಿಕ್ಕದಾದರೂ ಸರಿ, ಪುಕ್ಕಟೆಯಾದರೆ ಮಳೆ ಬಂದ ದಿನ ಯಾರೂ ಬರುವುದಿಲ್ಲ. ಕೊಡಲಾರದವರಿಗೆ ಸದ್ದಿಲ್ಲದೆ ಬಿಟ್ಟುಬಿಡಿ. ದೇಣಿಗೆ ಬರತೊಡಗಿದರೆ ನಿಮ್ಮ ಸ್ವಂತ ಖಾತೆಗೆ ಹಾಕಿಸಿಕೊಳ್ಳಬೇಡಿ. ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರ ಅಡಿಯಲ್ಲಿ ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಮೊದಲ ವರ್ಷ ಅದರ ಗೊಡವೆ ಬೇಡ, ಒಂದು ಲೆಕ್ಕದ ಪುಸ್ತಕ ಸಾಕು.

ಪ್ರದರ್ಶನವನ್ನು ರಾಮನವಮಿಗೇ ಇಟ್ಟುಕೊಳ್ಳಿ, ಜನ ಹೇಗೂ ಬರುತ್ತಾರೆ. ಪಾನಕ ಕೋಸಂಬರಿಯ ಮೇಜನ್ನು ಮಾತ್ರ ಚಿತ್ರಗಳಿಂದ ದೂರದ ಮೂಲೆಗೆ ಹಾಕಿಸಿ. ಗೋಂದಿನ ಗೆಸ್ಸೊ ನೀರಿಗೆ ಕರಗುತ್ತದೆ, ಒಂದು ಲೋಟ ಪಾನಕ ಚೆಲ್ಲಿದರೆ ಕಿರೀಟವೇ ಇಳಿದು ಹೋಗುತ್ತದೆ.