ಹಂಚಿನೊಳಗೆ ಪಾಚಿ ಬದುಕೀತೇ?

ಪ್ರಶ್ನೆ: ಜೀವಂತ ಪಾಚಿಯನ್ನು ಸೂಕ್ಷ್ಮ ರಂಧ್ರಗಳುಳ್ಳ ವಸ್ತುವಿನಲ್ಲಿ ನೆಲೆಗೊಳಿಸಿದರೆ ಗೋಡೆಯೇ ದ್ಯುತಿಸಂಶ್ಲೇಷಣೆ ನಡೆಸುತ್ತದೆ ಎಂದು ಓದಿದೆ. ನಮ್ಮೂರಿನ ಬಿಸಿಲಿನಲ್ಲಿ, ಸುಟ್ಟ ಮಣ್ಣಿನ ಹಂಚಿನೊಳಗೆ ಇದು ಸಾಧ್ಯವೇ? ಮನೆಯ ಗಾಳಿ ಇದರಿಂದ ಶುದ್ಧವಾಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಂಚಿನ ಹೊರಮೈಯಲ್ಲಿ ಪಾಚಿ ಬೆಳೆಯುವುದನ್ನು ಪ್ರತಿ ಮಳೆಗಾಲದಲ್ಲೂ ತಾವು ಕಂಡಿರುತ್ತೀರಿ, ಒಳಗೆ ಬೆಳೆಸುವುದು ಮಾತ್ರ ಕಷ್ಟ. ಬೇಸಿಗೆಯಲ್ಲಿ ಮಡಕೆಯ ನೀರು ತಣ್ಣಗಾಗುವುದು ಅದರ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ, ಮತ್ತು ಅದೇ ಗುಣ ಹಂಚಿನೊಳಗಿನ ಪಾಚಿಯನ್ನು ಒಣಗಿಸಿಬಿಡುತ್ತದೆ. ಜೊತೆಗೆ, ಸುಟ್ಟ ಮಣ್ಣಿನೊಳಕ್ಕೆ ಬೆಳಕು ಇಳಿಯುವುದೂ ಇಲ್ಲ.

ಆದ್ದರಿಂದಲೇ ಸಂಶೋಧಕರು ಬೆಳಕು ಹಾಯುವ, ನೀರು ತುಂಬಿದ ಜೆಲ್‌ಗಳನ್ನು ಆರಿಸಿಕೊಳ್ಳುತ್ತಾರೆ. ಕಂದು ಕಡಲಪಾಚಿಯಿಂದ ತೆಗೆಯುವ ಆಲ್ಜಿನೇಟ್ ಇವುಗಳಲ್ಲಿ ಹಳೆಯದು. ಕ್ಯಾಲ್ಸಿಯಂ ಸೇರಿದಾಗ ಅದರ ಉದ್ದನೆಯ ಅಣುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಆ ಬಲೆಯ ಕಣ್ಣುಗಳಲ್ಲಿ ನೀರು, ಅನಿಲ, ಲವಣಗಳು ಸಲೀಸಾಗಿ ಓಡಾಡುತ್ತವೆ, ಪಾಚಿಯ ಕೋಶ ಮಾತ್ರ ನುಸುಳಲಾರದು. ಆದರೂ ಜೆಲ್ ದಪ್ಪವಾದಂತೆ ಮೇಲ್ಪದರದ ಕೋಶಗಳೇ ಬೆಳಕನ್ನು ಹೀರಿಕೊಂಡು ಕೆಳಗಿನವು ಕತ್ತಲಲ್ಲಿ ಉಳಿಯುತ್ತವೆ.

ನಿಸರ್ಗ ಈ ಕೆಲಸವನ್ನು ಬಹು ಹಿಂದೆಯೇ ಮಾಡಿದೆ. ಅಂಟಾರ್ಕ್ಟಿಕಾದ ಒಣ ಕಣಿವೆಗಳಲ್ಲಿ ಮರಳುಗಲ್ಲಿನ ಮೇಲ್ಪದರದ ರಂಧ್ರಗಳೊಳಗೆ ಪಾಚಿಗಳು ಬದುಕಿರುವುದನ್ನು 1970ರ ದಶಕದಲ್ಲಿ ಗುರುತಿಸಲಾಯಿತು. ಚಿತ್ರದುರ್ಗದ ಕೋಟೆಗೆ ಹೋದಾಗ ಬಂಡೆಗಳ ಮೇಲೆ ಮಳೆನೀರು ಹರಿದ ಜಾಡಿನ ಕಪ್ಪು ಪಟ್ಟೆಗಳನ್ನು ದಯವಿಟ್ಟು ನಿಂತು ನೋಡಿ. ಇಂತಹ ಹೆಬ್ಬಂಡೆಗಳ ಮೇಲಿನ ಕಪ್ಪು ಪಟ್ಟೆಗಳು ಸಾಮಾನ್ಯವಾಗಿ ಸಯನೋಬ್ಯಾಕ್ಟೀರಿಯಾಗಳ, ಅಂದರೆ ಪಾಚಿಯಂತೆಯೇ ದ್ಯುತಿಸಂಶ್ಲೇಷಣೆ ನಡೆಸುವ ಬ್ಯಾಕ್ಟೀರಿಯಾಗಳ ಪದರಗಳು. ಬೇಸಿಗೆಯಿಡೀ ಒಣಗಿ ನಿದ್ರಿಸಿ, ಮೊದಲ ಮಳೆಗೆ ಎಚ್ಚೆತ್ತು ಉಸಿರಾಡುತ್ತವೆ. ಈ ತಾಳ್ಮೆ ಜೆಲ್ಲಿನಲ್ಲಿಟ್ಟ ಎಲ್ಲ ಪಾಚಿಗೂ ಇರುವುದಿಲ್ಲ.

ಗಾಳಿ ಶುದ್ಧಿಯ ವಿಷಯದಲ್ಲಿ ಲೆಕ್ಕ ಹಾಕಿಯೇ ನಂಬಬೇಕು. ಸ್ವಿಟ್ಜರ್ಲೆಂಡಿನ ಈಟಿಎಚ್ ಜ್ಯೂರಿಕ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಯನೋಬ್ಯಾಕ್ಟೀರಿಯಾ ತುಂಬಿದ ಒಂದು ಗ್ರಾಂ ಜೆಲ್ 400 ದಿನಗಳಲ್ಲಿ ಸುಮಾರು 26 ಮಿಲಿಗ್ರಾಂ ಇಂಗಾಲದ ಡೈಆಕ್ಸೈಡನ್ನು, ಬಹುಪಾಲು ಖನಿಜರೂಪದಲ್ಲಿ, ಹಿಡಿದಿಟ್ಟಿತು. ಅಂದರೆ ಒಂದು ಕಿಲೋ ಜೆಲ್ಲಿಗೆ 26 ಗ್ರಾಂ. ಒಬ್ಬ ಮನುಷ್ಯ ಒಂದೇ ದಿನದಲ್ಲಿ ಸುಮಾರು ಒಂದು ಕಿಲೋದಷ್ಟನ್ನು ಉಸಿರಿನಲ್ಲಿ ಹೊರಬಿಡುತ್ತಾನೆ. ಕೋಣೆಯ ಗಾಳಿಗೆ ಕಿಟಕಿ ತೆರೆಯುವುದೇ ಸರಿ. ಆ ಸಂಶೋಧನೆಯ ನಿಜವಾದ ಬೆಲೆ, ಖನಿಜ ಸೇರುತ್ತಾ ಹೋದಂತೆ ವಸ್ತು ತಾನಾಗಿಯೇ ಗಟ್ಟಿಗೊಳ್ಳುವುದರಲ್ಲಿದೆ.

ತಮಗೆ ಪ್ರಯೋಗದ ಆಸೆಯಿದ್ದರೆ, ಹತ್ತಿರದ ಕಾಲೇಜಿನ ಜೀವಶಾಸ್ತ್ರ ಅಧ್ಯಾಪಕರ ನೆರವು ಪಡೆಯಿರಿ. ದಟ್ಟವಾದ ಕ್ಲೋರೆಲ್ಲಾ ಪಾಚಿಯನ್ನು ಸೋಡಿಯಂ ಆಲ್ಜಿನೇಟ್ ದ್ರಾವಣದಲ್ಲಿ ಕಲಸಿ, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟರೆ ಹಸಿರು ಮಣಿಗಳು ಕಟ್ಟುತ್ತವೆ. ತೊಳೆದ ಮಣಿಗಳನ್ನು ಬೈಕಾರ್ಬನೇಟ್ ಸೂಚಕದಲ್ಲಿ (ಇಂಗಾಲದ ಡೈಆಕ್ಸೈಡ್ ಹೆಚ್ಚು ಕಡಿಮೆಯಾದಂತೆ ಬಣ್ಣ ಬದಲಿಸುವ ದ್ರಾವಣ) ಇಟ್ಟರೆ, ಬೆಳಕಿನಲ್ಲಿ ಅದು ನೇರಳೆಗೂ ಕತ್ತಲಲ್ಲಿ ಹಳದಿಗೂ ತಿರುಗುತ್ತದೆ.