ಎರಡನೇ ಆಲ್ಬಂಗೆ ನಿಜವಾದ ಡೊಳ್ಳು, ತಮಟೆ, ಏಕತಾರಿ ಬಳಸುತ್ತಿದ್ದೇವೆ. ಯಾವುದನ್ನು ಮೊದಲು ರೆಕಾರ್ಡ್ ಮಾಡಬೇಕು? ಶರೀಫರ ಪದಕ್ಕೆ ಕಾಪಿರೈಟ್ ಇದೆಯಾ?

ಐದು ಜನರ ಜನಪದ ರಾಕ್ ಬ್ಯಾಂಡ್, ಎಂಟು ಹಾಡು, ಮೊದಲ ಆಲ್ಬಂನಲ್ಲಿ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯದ ಸದ್ದು) ಹಾಕಿದ್ದಿರಿ, ಈ ಸಲ ಕಲಾವಿದರನ್ನೇ ಕರೆಸುತ್ತಿದ್ದೀರಿ ಎಂದು ಬರೆದಿದ್ದೀರಿ. ಹಾಗಿದ್ದರೆ ಸ್ಟುಡಿಯೋದ ಮಾಮೂಲಿ ಕ್ರಮವನ್ನು ತಲೆಕೆಳಗು ಮಾಡಿ. ಕ್ಲಿಕ್ (ತಾಳ ತೋರಿಸುವ ಟಕ್ ಟಕ್ ಸದ್ದು), ಡ್ರಮ್ಸ್, ಬೇಸ್, ಗಿಟಾರ್ ಎಲ್ಲ ಮುಗಿಸಿ ಕೊನೆಗೆ ಜನಪದ ಗಾಯಕರನ್ನು ಕೂರಿಸಿದರೆ ಅವರು ಹಾಡುವುದಿಲ್ಲ, ನಿಮ್ಮ ಟ್ರ್ಯಾಕ್ ಹಿಂದೆ ಓಡುತ್ತಾರೆ. ಜನಪದದ ಭಾಗ ಮೊದಲು, ರಾಕ್ ಆಮೇಲೆ.

ತತ್ವಪದ ಹಾಡುವವರನ್ನು ಅವರದೇ ಏಕತಾರಿಯೊಂದಿಗೆ ಕೂರಿಸಿ. ಕ್ಲಿಕ್ ಬೇಡ, ಹೆಡ್‌ಫೋನ್ ಬೇಡ. ದನಿಗೆ ಒಂದು ಕಂಡೆನ್ಸರ್ ಮೈಕ್ 25–30 ಸೆಂ.ಮೀ. ದೂರದಲ್ಲಿ, ಏಕತಾರಿಯ ಬುರುಡೆಯ ಕಡೆಗೆ ಇನ್ನೊಂದು ಸಣ್ಣ ಮೈಕ್. ರೆಕಾರ್ಡಿಂಗ್ ಗುಣಮಟ್ಟ 48 ಕಿಲೋಹರ್ಟ್ಸ್, 24 ಬಿಟ್ ಇರಲಿ. ಅತಿ ಜೋರಿನ ಜಾಗವೂ ಮೈನಸ್ 10 ಡಿಬಿ ದಾಟದಂತೆ ಗೇನ್ (ಮೈಕಿನ ದನಿ ಒಳಗೆ ಬರುವ ಮಟ್ಟ) ಇಡಿ. ಇಡೀ ಹಾಡನ್ನು ಮೂರು ಸಲ ಹಾಡಿಸಿ, ನಡುವೆ ನಿಲ್ಲಿಸಬೇಡಿ. ಪ್ರತಿ ಟೇಕ್ ಮುಗಿದ ಮೇಲೆ ಬರೀ ತಂತಿಯನ್ನು ಹತ್ತು ಸೆಕೆಂಡ್ ಮೀಟಿಸಿ ಅದನ್ನೂ ರೆಕಾರ್ಡ್ ಮಾಡಿಕೊಳ್ಳಿ. ಶ್ರುತಿ ಎಲ್ಲಿತ್ತು, ಎಷ್ಟು ಜಾರಿತು ಎಂದು ಆಮೇಲೆ ತಿಳಿಯುವುದು ಅದರಿಂದಲೇ.

ಆರಿಸಿದ ಟೇಕ್ ಮೇಲೆ ಟೆಂಪೋ ಮ್ಯಾಪ್ ಮಾಡಿ, ಅಂದರೆ ಹಾಡಿನ ವೇಗ ಎಲ್ಲೆಲ್ಲಿ ಎಷ್ಟಿದೆ ಎಂದು ಗುರುತು ಹಾಕಿ, ಕ್ಲಿಕ್ ಅದರ ಜೊತೆಗೇ ನಡೆಯುವಂತೆ ಮಾಡಿ. ಹಾಡು ನಿಮಿಷಕ್ಕೆ 92 ಬಡಿತದಲ್ಲಿ ಶುರುವಾಗಿ 100ಕ್ಕೆ ಮುಗಿದರೆ ಗಾಬರಿ ಬೇಡ, ನೇರ ಮಾಡಲೂ ಹೋಗಬೇಡಿ. ಆ ಏರುವಿಕೆಯಲ್ಲೇ ಹಾಡಿನ ಜೀವ ಇರುತ್ತದೆ. ನಾಲ್ಕು ಆವರ್ತಕ್ಕೊಂದು ಗುರುತು ಸಾಕು, ಪ್ರತಿ ಬಡಿತಕ್ಕೂ ಗುರುತು ಹಾಕಿದರೆ ಕ್ಲಿಕ್ ಕುಂಟುತ್ತದೆ. ಈ ಕ್ಲಿಕ್ ಮೇಲೆ ನಿಮ್ಮ ಡ್ರಮ್ಮರ್ ಒಂದು ವಾರ ಅಭ್ಯಾಸ ಮಾಡಲಿ. ನಮ್ಮ ಎಷ್ಟೋ ಪದಗಳ ನಡೆ ಮೂರರದ್ದು. ಅದರ ಮೇಲೆ ರಾಕ್ ರೂಢಿಯಂತೆ ಎರಡು ಮತ್ತು ನಾಲ್ಕನೇ ಬಡಿತಕ್ಕೆ ಸ್ನೇರ್ ಡ್ರಮ್ ಹೊಡೆದರೆ ಪದ ಸತ್ತು ಹೋಗುತ್ತದೆ.

ಮುಂದಿನದು ಶ್ರುತಿ, ಹೆಚ್ಚಿನ ಬ್ಯಾಂಡ್‌ಗಳು ಎಡವುವ ಜಾಗ. ಗಾಯಕರ ಶ್ರುತಿ ಕೀಬೋರ್ಡಿನ ಮನೆಗೆ ಸರಿಯಾಗಿ ಬಂದು ಕೂರಬೇಕೆಂದಿಲ್ಲ. ಸಿ ಶಾರ್ಪ್‌ಗಿಂತ 30 ಸೆಂಟ್ಸ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಮೇಲಿದೆ ಎನ್ನಿ. ಆಗ ಟ್ಯೂನರಿನಲ್ಲಿ ಎ ಸ್ವರವನ್ನು 440 ಹರ್ಟ್ಸ್ ಬದಲು 448ಕ್ಕೆ ಇಟ್ಟು ಗಿಟಾರ್, ಬೇಸ್ ಎರಡನ್ನೂ ಶ್ರುತಿ ಮಾಡಿ, ಕೀಬೋರ್ಡಿನ ಮಾಸ್ಟರ್ ಟ್ಯೂನ್ ಪ್ಲಸ್ 30 ಮಾಡಿ. ದನಿಯನ್ನು ಪಿಚ್ ಕರೆಕ್ಷನ್‌ನಲ್ಲಿ ಎಳೆದು ತರಬೇಡಿ, ಜಾರುಗಳೆಲ್ಲ ಮೆಟ್ಟಿಲಾಗುತ್ತವೆ. ಗಿಟಾರಿನ ಕಾರ್ಡ್‌ಗಳಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳಲ್ಲಿ) ಗಾಂಧಾರ ಬಿಟ್ಟು ಬರೀ ಷಡ್ಜ ಪಂಚಮ ಹಿಡಿಯಿರಿ. ಗಾಯಕರ ಗಾಂಧಾರ ಒಂದು ಸಾಲಿನಿಂದ ಇನ್ನೊಂದಕ್ಕೆ ಸ್ವಲ್ಪ ಸರಿಯುತ್ತಿರುತ್ತದೆ, ನಿಮ್ಮ ಗಿಟಾರಿನದು ಸರಿಯುವುದಿಲ್ಲ. ಎರಡೂ ಒಟ್ಟಿಗೆ ಕೇಳಿದಾಗ ಗಾಯಕರೇ ಅಪಸ್ವರ ಅನ್ನಿಸುತ್ತಾರೆ, ಪಾಪ.

ಡೊಳ್ಳನ್ನು 12x14 ಅಡಿಯ ಸ್ಟುಡಿಯೋ ಕೋಣೆಯಲ್ಲಿ ರೆಕಾರ್ಡ್ ಮಾಡುವ ಯೋಚನೆ ಬಿಡಿ. ಗೋಡೆಗಳ ಗುಂಯ್ ಬಿಟ್ಟರೆ ಏನೂ ಸಿಗುವುದಿಲ್ಲ. ಖಾಲಿ ಕಲ್ಯಾಣ ಮಂಟಪ ಅಥವಾ ಶಾಲೆಯ ಸಭಾಂಗಣ, ಬೆಳಗಿನ ಹೊತ್ತು, ಫ್ಯಾನ್ ಬಂದ್, ಯುಪಿಎಸ್ ಜೊತೆಗಿರಲಿ. ಕೋಲಿನ ಕಡೆಗೊಂದು, ಕೈಯ ಕಡೆಗೊಂದು ಡೈನಾಮಿಕ್ ಮೈಕ್ 20 ಸೆಂ.ಮೀ. ದೂರದಲ್ಲಿ, ಇಡೀ ತಂಡಕ್ಕೆ ಮೂರು ಮೀಟರ್ ಹಿಂದೆ ಒಂದು ಜೋಡಿ. ಒಂದು ಚರ್ಮ ಒಳಗೆ ಹೋದಾಗ ಇನ್ನೊಂದು ಹೊರಗೆ ಬರುವುದರಿಂದ ಒಂದು ಕಡೆಯ ಮೈಕಿನ ಪೊಲಾರಿಟಿ (ಸದ್ದಿನ ಅಲೆಯ ಮೇಲು-ಕೆಳಗು) ತಿರುಗಿಸಿ ಕೇಳಿ; ತಿರುಗಿಸದಿದ್ದರೆ ಕೆಳಗಿನ ನಾದ ಪೊಳ್ಳಾಗುತ್ತದೆ, ಆಮೇಲೆ ಈಕ್ಯೂ (ತಗ್ಗು, ಎತ್ತರದ ನಾದ ಹೆಚ್ಚು ಕಡಿಮೆ ಮಾಡುವ ಸಾಧನ) ಹಾಕಿ ತುಂಬಲು ಆಗದು. ಕ್ಲಿಕ್ಕನ್ನು ತಂಡದ ಮುಂದಾಳಿಗೆ ಮಾತ್ರ ಒಂದು ಕಿವಿಗೆ ಕೊಡಿ, ಉಳಿದವರು ಅವರ ಕೋಲು ನೋಡಿ ಬಾರಿಸುತ್ತಾರೆ. ಡೊಳ್ಳಿನವರೆಲ್ಲರಿಗೂ ಹೆಡ್‌ಫೋನ್ ಹಾಕಿದರೆ ಕುಣಿತ ನಿಂತು ಬರೀ ಹೊಡೆತ ಉಳಿಯುತ್ತದೆ.

ತಮಟೆಯವರಿಗೆ ಬೆಂಕಿ ಬೇಕು. ಕಾಯಿಸಿದ ಚರ್ಮ ತಣ್ಣಗಾಗುತ್ತಾ ನಾದ ಇಳಿಯುತ್ತದೆ, ಮಳೆಗಾಲದಲ್ಲಿ ಇನ್ನೂ ಬೇಗ. ಹೊರಗೆ ಬೆಂಕಿ ಹಾಕಲು ಜಾಗ ಇದೆಯಾ ಎಂದು ಬುಕ್ ಮಾಡುವ ಮೊದಲೇ ಕೇಳಿ. ಎರಡು ಟೇಕ್ ಸೇರಿಸಿ ಎಡಿಟ್ ಮಾಡುವುದಾದರೆ ಎರಡೂ ಕಾಯಿಸಿದ ಕೂಡಲೇ ತೆಗೆದವಾಗಿರಬೇಕು. ಕಂಸಾಳೆಗೆ ಮೈಕನ್ನು ಹತ್ತಿರ ತರಬೇಡಿ. ಒಂದೂವರೆ ಮೀಟರ್ ದೂರ, ಸಾಧ್ಯವಾದರೆ ರಿಬ್ಬನ್ ಮೈಕ್. ಹತ್ತಿರದ ಕಂಡೆನ್ಸರ್ ಕಿವಿ ಕೊರೆಯುತ್ತದೆ.

ಇಷ್ಟಾದ ಮೇಲೆ ಡ್ರಮ್ ಕಿಟ್, ಬೇಸ್, ಗಿಟಾರ್. ಡೊಳ್ಳು ಬರುವ ಕಡೆ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಪೂರ್ತಿ ತೆಗೆಯಿರಿ. ಎರಡೂ ಕೂರುವುದು ಸುಮಾರು 60–100 ಹರ್ಟ್ಸ್ ಜಾಗದಲ್ಲೇ, ಮಿಕ್ಸಿಂಗ್‌ನಲ್ಲಿ ಜಗಳ ಬಿಡಿಸುವುದಕ್ಕಿಂತ ಅರೇಂಜ್‌ಮೆಂಟಿನಲ್ಲೇ ಒಬ್ಬರನ್ನು ಸುಮ್ಮನಿರಿಸುವುದು ಸುಲಭ. ನಿಮ್ಮ ಡ್ರಮ್ಮರ್ ಮುನಿಸಿಕೊಳ್ಳಬಹುದು.

ಇನ್ನು ಕಾಪಿರೈಟ್. ಶಿಶುನಾಳ ಶರೀಫರು (1819–1889) ಬರೆದ ಸಾಹಿತ್ಯ ಎಲ್ಲರದ್ದು. ಆದರೆ ನೀವು ಚಿಕ್ಕಂದಿನಿಂದ ಕೇಳಿದ ಧಾಟಿ ಸಿ. ಅಶ್ವಥ್ ಅವರ ಸಂಯೋಜನೆಯಾಗಿದ್ದರೆ ಅದು ಎಲ್ಲರದ್ದಲ್ಲ. ನಮ್ಮ ಕಾನೂನಿನಲ್ಲಿ ಸಂಯೋಜಕರ ಜೀವಿತಾವಧಿ ಮತ್ತು ಆಮೇಲಿನ 60 ವರ್ಷ ಹಕ್ಕು ಇರುತ್ತದೆ. ಅವರು ತೀರಿಕೊಂಡದ್ದು 2009ರಲ್ಲಿ, ಅಂದರೆ 2069ರ ಕೊನೆಯವರೆಗೆ. ಅದೇ ಲೆಕ್ಕದಲ್ಲಿ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆ 2041ರ ಕೊನೆಯವರೆಗೆ. ಕವರ್ ಹಾಡುಗಳಿಗೆ (ಇದ್ದ ಹಾಡನ್ನೇ ಮತ್ತೆ ಹಾಡಿ ರೆಕಾರ್ಡ್ ಮಾಡುವುದಕ್ಕೆ) ಕಾಪಿರೈಟ್ ಕಾನೂನಿನ 31ಸಿ ಕಲಂ ಇದೆಯಲ್ಲ ಎನ್ನುವವರಿದ್ದಾರೆ. ಆದರೆ ಅದಕ್ಕೆ ಮೂಲ ರೆಕಾರ್ಡಿಂಗ್ ಬಂದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಸಣ್ಣ ಬ್ಯಾಂಡಿಗೆ ಅದು ದಾರಿಯೇ ಅಲ್ಲ. ಹಕ್ಕುದಾರರಿಂದ ನೇರವಾಗಿ ಒಪ್ಪಿಗೆ ಪಡೆಯಿರಿ, ಇಲ್ಲವೇ ಬೇರೆ ಧಾಟಿ ಕಟ್ಟಿ. ಎರಡನೆಯದೇ ನನಗಿಷ್ಟ.

ಪರಂಪರೆಯಿಂದ ಬಂದ ಪದಕ್ಕೆ ರಚನೆ ಎಂದು ನಿಮ್ಮ ಹೆಸರು ಹಾಕಬೇಡಿ. ‘ಸಾಂಪ್ರದಾಯಿಕ, ಅರೇಂಜ್‌ಮೆಂಟ್ ಇಂಥವರು’ ಎಂದಿರಲಿ. ಕಲಾವಿದರಿಗೆ ಆ ದಿನದ ಸಂಭಾವನೆ ಕೊಟ್ಟರೆ ಮುಗಿಯಿತು ಅನ್ನುವಂತಿಲ್ಲ, ಕಲಾವಿದರ ಹಕ್ಕು 50 ವರ್ಷ ಇರುತ್ತದೆ, ವಾಣಿಜ್ಯ ಬಳಕೆಯಲ್ಲಿ ರಾಯಧನವೂ ಅವರಿಗೆ ಸಲ್ಲಬೇಕು. ಒಂದು ಪುಟದ ಕರಾರು, ಕನ್ನಡದಲ್ಲಿ, ಓದಿ ಹೇಳಿ ಸಹಿ ಮಾಡಿಸಿ.

ಮಾಸ್ಟರಿಂಗ್‌ನಲ್ಲಿ (ಬಿಡುಗಡೆಗೆ ಮುಂಚಿನ ಕೊನೆಯ ಹದದಲ್ಲಿ) ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡಿಬಿ ಒಳಗಿರಲಿ. ಸ್ಪಾಟಿಫೈ ಹೇಗೂ ಹಾಡಿನ ಜೋರನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ) ಸುತ್ತ ತಂದು ನಿಲ್ಲಿಸುತ್ತದೆ, ಡೊಳ್ಳಿನ ಪೆಟ್ಟನ್ನು ಲಿಮಿಟರಿಗೆ (ಜೋರಿನ ತುದಿಗಳನ್ನು ಒತ್ತುವ ಸಾಧನಕ್ಕೆ) ಬಲಿ ಕೊಟ್ಟು ಲಾಭವಿಲ್ಲ. ಹಾಡಿಗೊಂದು ಐಎಸ್‌ಆರ್‌ಸಿ, ಆಲ್ಬಂಗೊಂದು ಯುಪಿಸಿ ಎಂಬ ಗುರುತು ಸಂಖ್ಯೆ ಬೇಕು. ಬಿಡುಗಡೆಗೆ ಮೂರು ನಾಲ್ಕು ವಾರ ಮೊದಲೇ ವಿತರಕರಿಗೆ ಕಳಿಸಿ, ಏಕೆಂದರೆ ಸ್ಪಾಟಿಫೈ ಪ್ಲೇಲಿಸ್ಟ್ ಸಂಪಾದಕರಿಗೆ ಹಾಡು ಸೂಚಿಸಲು ಕನಿಷ್ಠ ಏಳು ದಿನ ಮುಂಚೆಯಾದರೂ ಅದು ಅಲ್ಲಿರಬೇಕು. ಯೂಟ್ಯೂಬ್ ಕಂಟೆಂಟ್ ಐಡಿಗೆ (ಬೇರೆಯವರ ವಿಡಿಯೋದಲ್ಲಿ ನಿಮ್ಮ ಹಾಡನ್ನು ತಾನಾಗಿ ಗುರುತಿಸುವ ವ್ಯವಸ್ಥೆಗೆ) ಸಾಂಪ್ರದಾಯಿಕ ಹಾಡುಗಳನ್ನು ಸೇರಿಸುವ ಮೊದಲು ಮಾತ್ರ ಯೋಚಿಸಿ: ಅದೇ ಧಾಟಿ ಹಾಡಿದ ಊರಿನ ಭಜನಾ ಮಂಡಳಿಯ ವಿಡಿಯೋ ಮೇಲೆ ನಿಮ್ಮ ಹೆಸರಿನಲ್ಲಿ ಕ್ಲೈಮ್ ಬೀಳಬಹುದು, ಅದನ್ನು ಬಿಡಿಸುವ ಕೆಲಸ ನಿಮ್ಮ ಕೊರಳಿಗೇ.