ಎಣಿಸಿದ್ದು ಅಕ್ಷರ, ಹೇಳಿದ್ದು ಧ್ವನಿ

ನಮಸ್ಕಾರ.

ನೀವು ಕಳಿಸಿದ “ಯುರೋಪಿನ ಭಾಷೆಗಳಲ್ಲಿ ‘ಇ’ ಏಕೆ ರಾಜ?” ಲೇಖನವನ್ನು ಪೂರ್ತಿ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಆಗಬಹುದು. ವಿಷಯ ಚೆನ್ನಾಗಿದೆ, ನಿಮ್ಮ ಬರವಣಿಗೆ ಎಲ್ಲೂ ತಡವರಿಸುವುದಿಲ್ಲ. ತೊಂದರೆ ಇರುವುದು ವಾದದಲ್ಲಿ. ಲೇಖನ ಹೇಳುವುದು ಮೂರು ಮಾತು: ಯುರೋಪಿನ ಎಲ್ಲ ಭಾಷೆಗಳಲ್ಲೂ ‘ಇ’ ಅಕ್ಷರವೇ ಹೆಚ್ಚು, ಉಚ್ಚರಿಸಲು ಸುಲಭ ಎಂಬ ಕಾರಣಕ್ಕೆ ಹೆಚ್ಚು, ಆ ಭಾಷೆಗಳೆಲ್ಲ ಸಂಸ್ಕೃತದಿಂದ ಹುಟ್ಟಿದ್ದರಿಂದ ಎಲ್ಲ ಕಡೆ ಒಂದೇ ಥರ. ಮೂರೂ ನಿಲ್ಲುವುದಿಲ್ಲ.

ಮೊದಲು ಒಂದು ಸಣ್ಣ ವಿಷಯ. ನೀವು “ಎ ಧ್ವನಿ” ಎಂದು ಬರೆದ ಕಡೆಯಲ್ಲೆಲ್ಲ ಅದು ಎಬಿಸಿಡಿಯ ‘ಎ’ಯೋ ನಮ್ಮ ಎಮ್ಮೆಯ ಎ-ಯೋ ಗೊತ್ತಾಗುವುದಿಲ್ಲ. ಲೇಖನದ ಉದ್ದಕ್ಕೂ ಒಂದು ಪದ್ಧತಿ ಇಟ್ಟುಕೊಳ್ಳಿ. ರೋಮನ್ ಅಕ್ಷರಕ್ಕೆ ಇಂಗ್ಲಿಷ್ ಹೆಸರು, ಉಲ್ಲೇಖ ಚಿಹ್ನೆಯೊಳಗೆ: ‘ಇ’, ‘ಎಸ್’, ‘ಕೆ’. ಧ್ವನಿಗೆ ನಮ್ಮ ಹಳೆಯ ಕಾರ: ಎಕಾರ, ಸಕಾರ, ಕಕಾರ. ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಮಗೆ ಅಕ್ಷರವೆಂದರೆ ಧ್ವನಿಯೇ. ರೋಮನ್ ಲಿಪಿಯಲ್ಲಿ ಹಾಗಲ್ಲ. ನಿಮ್ಮ ಲೇಖನ ಎಡವಿದ್ದು ಅಲ್ಲೇ: ಅಕ್ಷರ ಎಣಿಸಿದ್ದೀರಿ, ತೀರ್ಮಾನವನ್ನು ಧ್ವನಿಯ ಬಗ್ಗೆ ಹೇಳಿದ್ದೀರಿ.

ಇನ್ನು ನಿಮ್ಮ ಕೋಷ್ಟಕ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯ ಮೊದಲ ವಾಕ್ಯ ತೆಗೆದುಕೊಂಡದ್ದು ಒಳ್ಳೆಯ ಯೋಚನೆ. 500ಕ್ಕೂ ಹೆಚ್ಚು ಭಾಷೆಗಳಲ್ಲಿ ಅದೇ ಪಠ್ಯ ಸಿಗುತ್ತದೆ. ಜರ್ಮನ್ ಮತ್ತು ಫ್ರೆಂಚ್ ಲೆಕ್ಕ ಕೊಟ್ಟಿದ್ದೀರಿ, ಇಂಗ್ಲಿಷ್ ಬಿಟ್ಟಿದ್ದೀರಿ. ಏಕೆಂದು ಎಣಿಸಿ ನೋಡಿದಾಗ ಗೊತ್ತಾಯಿತು. “ಆಲ್ ಹ್ಯೂಮನ್ ಬೀಯಿಂಗ್ಸ್ ಆರ್ ಬಾರ್ನ್ ಫ್ರೀ ಅಂಡ್ ಈಕ್ವಲ್ ಇನ್ ಡಿಗ್ನಿಟಿ ಅಂಡ್ ರೈಟ್ಸ್” — ಒಟ್ಟು 51 ಅಕ್ಷರ. ಅದರಲ್ಲಿ ‘ಎನ್’ 7, ‘ಎ’ 6, ‘ಇ’ ಮತ್ತು ‘ಐ’ ತಲಾ 5, ‘ಟಿ’ ಕೇವಲ 2. ನಿಮ್ಮ ರಾಜ ಮೂರನೆಯ ಸ್ಥಾನದಲ್ಲಿ, ಅದೂ ಹಂಚಿಕೊಂಡು. ಹೊಂದದ ಸಾಲನ್ನು ಕೈಬಿಡಬೇಡಿ. ಏಕೆ ಹೊಂದಲಿಲ್ಲ ಎಂಬುದೇ ಓದುಗರಿಗೆ ಬೇಕಾದ ವಿಷಯ.

ಹೊಂದದಿರಲು ಕಾರಣ ಮಾದರಿ ತೀರ ಚಿಕ್ಕದು. ದೊಡ್ಡ ಇಂಗ್ಲಿಷ್ ಪಠ್ಯಗಳಲ್ಲಿ ‘ಇ’ ಶೇ 12.7ರ ಆಸುಪಾಸು, ‘ಟಿ’ ಶೇ 9. ಆದರೆ 50 ಅಕ್ಷರದ ಮಾದರಿಯಲ್ಲಿ ‘ಇ’ಯ ಪಾಲು ಬರೀ ಆಕಸ್ಮಿಕದಿಂದಲೇ ಶೇ 8ರಿಂದ 17ರವರೆಗೆ ಓಲಾಡಬಹುದು. 10,000 ಅಕ್ಷರ ಎಣಿಸಿದರೆ ಆ ಓಲಾಟ ಶೇ ಅರ್ಧಕ್ಕೂ ಕೆಳಗಿಳಿಯುತ್ತದೆ. ಆದ್ದರಿಂದ ಭಾಷೆಗೆ ಕನಿಷ್ಠ 10,000 ಅಕ್ಷರ, ಅದೂ ಒಂದೇ ಬಗೆಯ ಬರಹದಿಂದ ಬೇಡ. ಘೋಷಣೆಯ 30 ವಿಧಿಗಳನ್ನಷ್ಟೇ ಎಣಿಸಿದರೆ “ಎವ್ರಿವನ್ ಹ್ಯಾಸ್ ದ ರೈಟ್ ಟು” ಎಂಬ ಪಲ್ಲವಿ ಮತ್ತೆ ಮತ್ತೆ ಬಂದು ಲೆಕ್ಕವನ್ನು ತನ್ನ ಕಡೆಗೆ ಎಳೆಯುತ್ತದೆ. ಒಂದು ಪಾಲು ಸುದ್ದಿ, ಒಂದು ಪಾಲು ಕಥೆ, ಒಂದು ಪಾಲು ಕಾನೂನು ಸೇರಿಸಿ. ಫ್ರೆಂಚ್‌ನಲ್ಲಿ ತಲೆಯ ಮೇಲೆ ಗೆರೆ ಇರುವ ‘ಇ’ಯನ್ನು ಬೇರೆಯಾಗಿ ಎಣಿಸಿದಿರೋ ಕೂಡಿಸಿದಿರೋ, ಅದನ್ನೂ ತಿಳಿಸಿ, ಈ ಒಂದು ವಾಕ್ಯದಲ್ಲೇ ಬೇರೆ ಎಣಿಸಿದರೆ 8, ಕೂಡಿಸಿದರೆ 11.

ನಿಘಂಟಿನ ಪದಪಟ್ಟಿಯಿಂದ ತೆಗೆದ ಅಂಕಿಯನ್ನು ಓಡುವ ಪಠ್ಯದ ಅಂಕಿಯ ಪಕ್ಕದಲ್ಲಿ ಇಟ್ಟಿದ್ದೀರಿ, ಅದೂ ಸಲ್ಲದು. ಇಂಗ್ಲಿಷ್ ನಿಘಂಟಿನಲ್ಲಿ ‘ದ’ (ಟಿ-ಎಚ್-ಇ) ಎಂಬ ಪದ ಒಂದೇ ಸಲ ಬರುತ್ತದೆ. ಪಠ್ಯದಲ್ಲಿ ಪ್ರತಿ ನೂರು ಪದಕ್ಕೆ ಆರೇಳು ಸಲ. ಇಂಗ್ಲಿಷ್ ಪಠ್ಯದಲ್ಲಿ ಶೇ 6 ಇರುವ ‘ಎಚ್’ ನಿಘಂಟಿನಲ್ಲಿ ಶೇ 3ಕ್ಕೆ ಇಳಿಯುವುದು ಇದೇ ಕಾರಣಕ್ಕೆ.

ಈಗ ಜರ್ಮನ್ ಸಾಲು. ಲೇಖನದ ಜೀವ ಇಲ್ಲಿದೆ, ನೀವು ಒಂದೇ ವಾಕ್ಯದಲ್ಲಿ ದಾಟಿಬಿಟ್ಟಿದ್ದೀರಿ. “ಆಲೆ ಮೆನ್ಶನ್ ಸಿಂಡ್ ಫ್ರೈ ಉಂಡ್ ಗ್ಲೈಶ್ ಆನ್ ವ್ಯೂರ್ಡೆ ಉಂಡ್ ರೆಶ್ಟನ್ ಗೆಬೋರನ್.” ಇದರ 53 ಅಕ್ಷರಗಳಲ್ಲಿ 10 ‘ಇ’, 8 ‘ಎನ್’. ಆ ಹತ್ತನ್ನು ಬಿಡಿಸಿ ನೋಡಿ. ಫ್ರೈ, ಗ್ಲೈಶ್ ಪದಗಳ ಎರಡು ‘ಇ’ಗಳು ‘ಐ’ ಜೊತೆ ಸೇರಿ ಐಕಾರ ಆಗಿವೆ, ಅಲ್ಲಿ ಎಕಾರವೇ ಇಲ್ಲ. ಮೆನ್ಶನ್, ರೆಶ್ಟನ್ ಪದಗಳ ಮೊದಲ ‘ಇ’ ಮಾತ್ರ ತುಂಬು ಎಕಾರ. ಉಳಿದ ಆರೂ ಒತ್ತು ಬೀಳದ ಜಾಗದಲ್ಲಿವೆ: ಐದು ಪದದ ಬಾಲದಲ್ಲಿ, ಒಂದು ಗೆಬೋರನ್ ಪದದ ತಲೆಯಲ್ಲಿ. ಜರ್ಮನ್ ಪಠ್ಯದಲ್ಲಿ ‘ಇ’ ಶೇ 17ರ ಹತ್ತಿರ ಹೋಗುವುದು ಈ ಬಾಲಗಳಿಂದ. ಬಹುವಚನ, ವಿಭಕ್ತಿ, ಕ್ರಿಯಾರೂಪ ಎಲ್ಲಕ್ಕೂ ‘ಇ’ ಅಥವಾ ‘ಇ-ಎನ್’ ಬಾಲ.

ಆ ಬಾಲಗಳು ಮೊದಲು ಹಾಗಿರಲಿಲ್ಲ. ಸಾವಿರ ವರ್ಷಕ್ಕೂ ಹಿಂದಿನ ಜರ್ಮನ್‌ನಲ್ಲಿ ನಾಲಗೆಗೆ ತ್ಸುಂಗಾ, ಕಣ್ಣಿಗೆ ಔಗಾ, ಹೆಸರಿಗೆ ನಾಮೊ. ಇಂದು ತ್ಸುಂಗೆ, ಆವ್ಗೆ, ನಾಮೆ. ಒತ್ತು ಪದದ ಮೊದಲ ಭಾಗದಲ್ಲಿ ಗಟ್ಟಿಯಾಗಿ ಕೂತ ಮೇಲೆ ಕೊನೆಯ ಅಕಾರ, ಒಕಾರ, ಉಕಾರಗಳೆಲ್ಲ ಸಡಿಲವಾಗಿ ಒಂದೇ ಮಬ್ಬು ಸ್ವರಕ್ಕೆ ಇಳಿದವು. ಧ್ವನಿಶಾಸ್ತ್ರದಲ್ಲಿ ಅದನ್ನು ಶ್ವಾ ಎನ್ನುತ್ತಾರೆ. ಅದಕ್ಕೆ ಪ್ರತ್ಯೇಕ ಅಕ್ಷರ ಇರಲಿಲ್ಲ. ಲಿಪಿಕಾರರು ‘ಇ’ ಬಳಸಿದರು. ಇಂಗ್ಲಿಷ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಳೆಯ ನಾಮಾ ಮೊದಲು ನಾಮೆ ಆಯಿತು, ಆಮೇಲೆ ಆ ಬಾಲದ ಉಚ್ಚಾರವೂ ಸತ್ತು ನೇಮ್ ಉಳಿಯಿತು, ಅಕ್ಷರ ಮಾತ್ರ ಹಾಗೇ ಕೂತಿದೆ. ಹ್ಯಾಟ್‌ಗೆ ಒಂದು ‘ಇ’ ಅಂಟಿಸಿದರೆ ಹೇಟ್ ಆಗುತ್ತದಲ್ಲ, ಅಲ್ಲಿ ‘ಇ’ ಧ್ವನಿಯೇ ಅಲ್ಲ, ಹಿಂದಿನ ಸ್ವರಕ್ಕೆ ಹಾಕಿದ ಗುರುತು. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಕೇಳುವ ಸ್ವರವೂ ಶ್ವಾ. ಅದನ್ನು ಬರೆಯುವುದು ಮಾತ್ರ ಐದೂ ಸ್ವರಾಕ್ಷರಗಳಲ್ಲಿ. ಅಬೌಟ್ ಪದದ ‘ಎ’, ಟೇಕನ್‌ನ ‘ಇ’, ಪೆನ್ಸಿಲ್‌ನ ‘ಐ’, ಲೆಮನ್‌ನ ‘ಒ’, ಸರ್ಕಸ್‌ನ ‘ಯು’ ಎಲ್ಲವೂ ಅದೇ ಮಬ್ಬು ಸ್ವರ.

ಫ್ರೆಂಚ್ ‘ಇ’ಗಳ ದಾರಿ ಬೇರೆ. ಲ್ಯಾಟಿನ್‌ನ ಕೊನೆಯ ಅಕಾರ ಅಲ್ಲಿ ‘ಇ’ ಆಯಿತು: ರೋಸಾ ಹೋಗಿ ರೋಜ಼್, ಲೂನಾ ಹೋಗಿ ಲ್ಯೂನ್. ಒತ್ತು ಬಿದ್ದ, ಮುಂದೆ ವ್ಯಂಜನ ಮುಚ್ಚದ ಅಕಾರವೂ ಎಕಾರವಾಯಿತು: ಸಮುದ್ರಕ್ಕೆ ಮಾರೆ ಇದ್ದದ್ದು ಮೆರ್, ತಾಯಿಗೆ ಮಾತ್ರೆಮ್ ಇದ್ದದ್ದು ಮೆರ್. ಇಟಾಲಿಯನ್ ಈ ಎರಡೂ ಬದಲಾವಣೆ ಮಾಡಲಿಲ್ಲ, ರೋಸಾ, ಲೂನಾ, ಮಾರೆ, ಮಾದ್ರೆ ಎಂದೇ ಉಳಿಸಿಕೊಂಡಿತು; ಹಾಗಾಗಿ ಅಲ್ಲಿ ‘ಇ’, ‘ಎ’ ಹೆಚ್ಚುಕಡಿಮೆ ಸಮಬಲ. ಒಂದೇ ತಾಯಿಯ ಎರಡು ಮಕ್ಕಳಲ್ಲೇ ಇಷ್ಟು ವ್ಯತ್ಯಾಸ. “ಎಲ್ಲ ಭಾಷೆಗಳಲ್ಲೂ” ಎಂಬ ಮಾತನ್ನು ಹೊಡೆದುಹಾಕಿ. ಫಿನ್ನಿಷ್ ಮತ್ತು ಪೋರ್ಚುಗೀಸ್‌ಗಳಲ್ಲಿ ಮೊದಲ ಸ್ಥಾನ ‘ಎ’ಗೆ, ರಷ್ಯನ್‌ನಲ್ಲಿ ಸಿರಿಲಿಕ್ ‘ಒ’ಗೆ.

ಫ್ರೆಂಚ್ ಸಾಲಿನ ‘ಎಸ್’ ಎಣಿಸಿದ್ದರೆ ನಿಮಗೇ ಎಚ್ಚರವಾಗುತ್ತಿತ್ತು. ಒಟ್ಟು 8 ‘ಎಸ್’ ಇವೆ. ಸಕಾರ ಕೇಳುವುದು ಒಂದೇ ಕಡೆ: “ಹುಟ್ಟುತ್ತಾರೆ” ಎಂಬರ್ಥದ ನೆಸ್ ಪದದಲ್ಲಿ, ಅದೂ ಎರಡು ‘ಎಸ್’ ಸೇರಿ. ಅದರ ಕಾಗುಣಿತ ಎನ್-ಎ-ಐ-ಎಸ್-ಎಸ್-ಇ-ಎನ್-ಟಿ; ಕೊನೆಯ ಮೂರು ಅಕ್ಷರಗಳಿಗೆ ಬಾಯಿಯೇ ಇಲ್ಲ. ಉಳಿದ ‘ಎಸ್’ಗಳು ಬಹುವಚನದ ಗುರುತಾಗಿ ಮೌನವಾಗಿ ಕೂತಿವೆ, ಇಲ್ಲವೇ ಮುಂದಿನ ಸ್ವರಕ್ಕೆ ಅಂಟಿ ಜ಼ ಆಗುತ್ತವೆ.

“ಕೆ, ಡಬ್ಲ್ಯು ಫ್ರೆಂಚರ ನಾಲಗೆಗೆ ಕಷ್ಟ, ಅದಕ್ಕೇ ಅಪರೂಪ” ಎಂಬ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ಫ್ರೆಂಚ್‌ನಲ್ಲಿ ಕಕಾರವಿಲ್ಲದೆ ನಾಲ್ಕು ಮಾತು ಆಡಲಾಗದು: ಕಿ, ಅವೆಕ್, ಕಾಮ್. ಬರೆಯುವುದು ‘ಸಿ’ ಅಥವಾ ‘ಕ್ಯು-ಯು’ದಲ್ಲಿ. ಪ್ರಾಚೀನ ರೋಮನ್ನರೇ ಕಕಾರಕ್ಕೆ ‘ಸಿ’ ಹಿಡಿದು, ‘ಕೆ’ಯನ್ನು ತಿಂಗಳ ಮೊದಲ ದಿನದ ಹೆಸರಾದ ಕಲೆಂಡೆಯಂಥ ಕೆಲವೇ ಪದಗಳಿಗೆ ಬಿಟ್ಟಿದ್ದರು. ಆ ಬಡತನ ಅವರ ಭಾಷೆಯ ಮಕ್ಕಳಿಗೂ ಬಂತು. ಡಬ್ಲ್ಯುವಿನ ಧ್ವನಿಯೂ ಅಷ್ಟೇ, “ಹೌದು” ಎನ್ನುವ ವೀ, “ನಾನು” ಎನ್ನುವ ಮ್ವಾ ಎರಡರಲ್ಲೂ ಇದೆ, ಅಕ್ಷರ ಮಾತ್ರ ಇಲ್ಲ. ಜರ್ಮನ್‌ನಲ್ಲಿ ಉಲ್ಟಾ: ಅಕ್ಷರ ಧಾರಾಳ, ಆದರೆ ಅದರ ಉಚ್ಚಾರ ವಾಸರ್ ಎಂಬಲ್ಲಿಯ ವಕಾರ.

ಸಂಸ್ಕೃತದ ಮಾತಿಗೆ ಬರೋಣ. ಭಾಷಾವಿದ್ವಾಂಸ ವಿಲಿಯಂ ಜೋನ್ಸ್ ಅವರನ್ನು ಸಾಕ್ಷಿಗೆ ಕರೆದಿದ್ದೀರಿ. 1786ರಲ್ಲಿ ಕಲ್ಕತ್ತೆಯಲ್ಲಿ ಅವರು ಹೇಳಿದ್ದು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದು ಸಮಾನ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಎಂದು. ಅಂದರೆ ಮೂರೂ ಅಕ್ಕತಂಗಿಯರು, ಸಂಸ್ಕೃತ ತಾಯಿಯಲ್ಲ. ಎಕಾರದ ವಿಷಯದಲ್ಲಂತೂ ನಿಮ್ಮ ವಾದ ತಲೆಕೆಳಗು. “ಹೊರುತ್ತೇನೆ” ಎಂಬುದಕ್ಕೆ ಗ್ರೀಕ್‌ನಲ್ಲೂ ಲ್ಯಾಟಿನ್‌ನಲ್ಲೂ ಫೆರೋ, ಸಂಸ್ಕೃತದಲ್ಲಿ ಭರಾಮಿ. ಹಳೆಯದು ಎಕಾರವೇ; ಮೂಲದ ಎಕಾರ, ಒಕಾರಗಳನ್ನು ಅಕಾರದಲ್ಲಿ ಕರಗಿಸಿದ್ದು ಸಂಸ್ಕೃತದ ಕಡೆಯ ಕವಲು. ಪುರಾವೆ ಸಂಸ್ಕೃತದ ಒಳಗೇ ಇದೆ. “ಮತ್ತು” ಎಂಬುದಕ್ಕೆ ಲ್ಯಾಟಿನ್ ಕ್ವೆ, ಸಂಸ್ಕೃತ ಚ. “ಐದು” ಲ್ಯಾಟಿನ್‌ನಲ್ಲಿ ಕ್ವಿಂಕ್ವೆ, ಸಂಸ್ಕೃತದಲ್ಲಿ ಪಂಚ. ಆದರೆ “ಯಾವುದು” ಎಂಬ ಲ್ಯಾಟಿನ್ ಕ್ವೊದ್‌ನ ಕುಲದ ಸಂಸ್ಕೃತ ಪದ ಕಃ, ಅಲ್ಲಿ ಕಕಾರ ಹಾಗೇ ಇದೆ. ಎಕಾರದ ಮುಂದೆ ಕಕಾರ ಚಕಾರವಾಯಿತು, ಒಕಾರದ ಮುಂದೆ ಆಗಲಿಲ್ಲ. ಆಮೇಲೆ ಎರಡೂ ಸ್ವರ ಅಕಾರವಾದವು. ಮೊದಲಿನಿಂದ ಅಕಾರವೇ ಇದ್ದಿದ್ದರೆ ಒಂದು ಕಡೆ ಚ, ಇನ್ನೊಂದು ಕಡೆ ಕ ಬರಲು ಕಾರಣವೇ ಸಿಗದು. 1870ರ ದಶಕದಲ್ಲಿ ಇದು ತೀರ್ಮಾನವಾದ ವಿಷಯ.

ಕನ್ನಡದ ಓದುಗರಿಗೆ ಇದನ್ನು ಮುಟ್ಟಿಸಲು ನಿಮ್ಮ ಕೊನೆಯ ಪ್ಯಾರಾದ “ನಮ್ಮಲ್ಲಿ ಅಕಾರ ಹೆಚ್ಚು” ಎಂಬ ಸಾಲು ಸಾಲದು. ನಮ್ಮ ಕಿವಿ ಇದೆಯಲ್ಲ, ತೆಲುಗಿನಲ್ಲಿ ಅದು ಚೆವಿ, ತಮಿಳಿನಲ್ಲಿ ಸೆವಿ. ಇಕಾರ, ಎಕಾರಗಳ ಮುಂದೆ ನಾಲಗೆ ಮೊದಲೇ ಅಂಗುಳದ ಕಡೆ ಸರಿದು ಕಕಾರವನ್ನು ಚಕಾರ ಮಾಡುವುದು ಅಲ್ಲಿ ನಡೆಯಿತು, ಕನ್ನಡದಲ್ಲಿ ನಡೆಯಲಿಲ್ಲ. ಲ್ಯಾಟಿನ್‌ಗೂ ಅದೇ ಆದದ್ದು. ನೂರಕ್ಕೆ ಕೆಂತುಮ್ ಇದ್ದದ್ದು ಇಟಾಲಿಯನ್‌ನಲ್ಲಿ ಚೆಂತೊ ಆಯಿತು, ಫ್ರೆಂಚ್‌ನಲ್ಲಿ ಸಾಂ ಆಯಿತು; ಅಕ್ಷರ ಎರಡು ಕಡೆಯೂ ಅದೇ ‘ಸಿ’. ಬೇರೆ ಬೇರೆ ಕುಲಗಳಲ್ಲಿ ಒಂದೇ ಬದಲಾವಣೆ ಕಾಣುವುದಕ್ಕೆ ರಕ್ತಸಂಬಂಧ ಬೇಕಿಲ್ಲ, ಬಾಯಿಯ ರಚನೆ ಸಾಕು. ಫಿನ್ನಿಷ್, ಹಂಗೇರಿಯನ್, ಬಾಸ್ಕ್ ಭಾಷೆಗಳು ಸಂಸ್ಕೃತ, ಲ್ಯಾಟಿನ್‌ಗಳ ಕುಟುಂಬದವೇ ಅಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಸೇರಿಸಿ.

ಸುಲಭ ಉಚ್ಚಾರದ ವಾದ ಪೂರ್ತಿ ಸುಳ್ಳಲ್ಲ. ಮಕಾರ, ಕಕಾರ, ಇಕಾರಗಳು ಜಗತ್ತಿನ ಬಹುಪಾಲು ಭಾಷೆಗಳಲ್ಲಿವೆ, ಯುರೋಪಿನಲ್ಲೂ ಇವೆ. ಆದರೆ ಯುರೋಪನ್ನು ಯುರೋಪ್ ಆಗಿ ತೋರಿಸುವುದು ಅಪರೂಪದ ಧ್ವನಿಗಳು. ಈಕಾರ ಹೇಳುತ್ತಾ ತುಟಿಯನ್ನು ಮಾತ್ರ ಊಕಾರಕ್ಕೆ ಇಡುವಂತೆ ಗುಂಡಾಗಿಸಿ ನೋಡಿ. ಬರುವ ಸ್ವರ ಫ್ರೆಂಚ್, ಜರ್ಮನ್, ಡಚ್, ಸ್ವೀಡಿಷ್, ಫಿನ್ನಿಷ್, ಹಂಗೇರಿಯನ್ ಎಲ್ಲದರಲ್ಲೂ ಇದೆ. ಜಗತ್ತಿನ 562 ಭಾಷೆಗಳನ್ನು ಹೋಲಿಸಿದ ಒಂದು ಸಮೀಕ್ಷೆಯಲ್ಲಿ ಇಂಥ ಗುಂಡುತುಟಿಯ ಮುಂದಿನ ಸ್ವರಗಳು ಸಿಕ್ಕಿದ್ದು 37ರಲ್ಲಿ ಮಾತ್ರ. ಸುಲಭವಾಗಿದ್ದರೆ ಎಲ್ಲೆಡೆ ಇರಬೇಕಿತ್ತು. ಥಿಂಕ್ ಪದದ ಮೊದಲ ಧ್ವನಿಯೂ ಹಾಗೇ (ಅದು ನಮ್ಮ ಥಕಾರವಲ್ಲ, ನಾಲಗೆಯ ತುದಿ ಹಲ್ಲಿಗೆ ತಾಗಿ ಗಾಳಿ ಸುಯ್ಯೆನ್ನುವ ಧ್ವನಿ). ಅದು ಇಂಗ್ಲಿಷ್, ಗ್ರೀಕ್, ಐಸ್‌ಲ್ಯಾಂಡಿಕ್, ವೆಲ್ಷ್, ಅಲ್ಬೇನಿಯನ್, ಸ್ಪೇನಿನ ಸ್ಪ್ಯಾನಿಷ್‌ಗಳಲ್ಲಿದೆ, ಫ್ರೆಂಚ್, ಜರ್ಮನ್‌ಗಳಲ್ಲಿಲ್ಲ.

ಅಕ್ಷರದ ಬಿಲ್ಲೆ ಜೋಡಿಸಿ ಪದ ಕಟ್ಟುವ, ಅಪರೂಪದ ಅಕ್ಷರಕ್ಕೆ ಹೆಚ್ಚು ಅಂಕ ಸಿಗುವ ಸ್ಕ್ರ್ಯಾಬಲ್ ಆಟದ ಬಗ್ಗೆ ನಿಮ್ಮ ನಾಲ್ಕನೆಯ ಪುಟದಲ್ಲಿರುವ ಪ್ಯಾರಾ ಲೇಖನದ ಅತ್ಯುತ್ತಮ ಭಾಗ. ಅದನ್ನೇ ಮೊದಲಿಗೆ ತನ್ನಿ. ಈಗಿನ ಆರಂಭದ “ಭಾಷೆ ಮಾನವನ ಅದ್ಭುತ ಆವಿಷ್ಕಾರ” ಎಂಬ ಎರಡು ಪ್ಯಾರಾ ಬೇಡ. ಇಂಗ್ಲಿಷ್ ಆಟದಲ್ಲಿ 10 ಅಂಕ ಕೊಡುವ ‘ಝೆಡ್’ ಪೋಲಿಷ್ ಆಟದಲ್ಲಿ 1 ಅಂಕ, ಬಿಲ್ಲೆಗಳೂ ಐದು. ನೀವು “ಪೋಲಿಷರಿಗೆ ಝಕಾರ ಪ್ರೀತಿ” ಎಂದು ನಿಲ್ಲಿಸಿದ್ದೀರಿ. ನಿಜವಾದ ಕಾರಣ ಕಾಗುಣಿತ. ಪೋಲಿಷ್‌ನಲ್ಲಿ ಶಕಾರಕ್ಕೆ ‘ಎಸ್-ಝೆಡ್’, ಚಕಾರಕ್ಕೆ ‘ಸಿ-ಝೆಡ್’ ಜೋಡಿ ಬರೆಯುತ್ತಾರೆ. ಪಕ್ಕದ ಚೆಕ್ ಭಾಷೆಯಲ್ಲಿ 15ನೇ ಶತಮಾನದ ಆರಂಭದಿಂದ, ಧರ್ಮಸುಧಾರಕ ಯಾನ್ ಹುಸ್ ಹೆಸರಿಗೆ ಸೇರಿದ ಕಾಗುಣಿತ ಸುಧಾರಣೆಯ ಮೂಲಕ, ಅಕ್ಷರದ ತಲೆಯ ಮೇಲೆ ಒಂದು ಚುಕ್ಕಿ ಬಂತು, ಮುಂದೆ ಅದೇ ಕೊಕ್ಕೆಯಾಯಿತು. “ಸಮಯ” ಎರಡು ಭಾಷೆಯಲ್ಲೂ ಚಾಸ್. ಪೋಲಿಷ್‌ನಲ್ಲಿ ಬರೆಯಲು ನಾಲ್ಕು ಅಕ್ಷರ, ಅದರಲ್ಲೊಂದು ‘ಝೆಡ್’. ಚೆಕ್‌ನಲ್ಲಿ ಮೂರು, ‘ಝೆಡ್’ ಇಲ್ಲ.

ತಂತಿ ಸಂದೇಶದ ಚುಕ್ಕಿ-ಗೆರೆ ಸಂಕೇತವಾದ ಮೋರ್ಸ್ ಕೋಡ್‌ನ ಪ್ಯಾರಾ ಎರಡು ಸಾಲಿಗೆ ಇಳಿಸಿ: ‘ಇ’ಗೆ ಒಂದು ಚುಕ್ಕಿ, ‘ಟಿ’ಗೆ ಒಂದು ಗೆರೆ, ಅದು ಇಂಗ್ಲಿಷ್‌ನ ಅಳತೆಗೆ ಹೊಲಿದ ಅಂಗಿ. ಬೇಕಿದ್ದರೆ ಇಂಗ್ಲಿಷ್ ಅಚ್ಚುಮೊಳೆಯ ಪೆಟ್ಟಿಗೆಯಲ್ಲಿ ‘ಇ’ಯ ಖಾನೆಯೇ ಎಲ್ಲಕ್ಕಿಂತ ದೊಡ್ಡದು ಎಂಬುದನ್ನೂ ಸೇರಿಸಿ.

ಒಟ್ಟು 1,200 ಪದಕ್ಕೆ ತನ್ನಿ, ಈಗ ಅದರ ಎರಡರಷ್ಟಿದೆ. ಜರ್ಮನ್ ವಾಕ್ಯದ ಹತ್ತು ‘ಇ’ಗಳ ವಿವರಕ್ಕೆ ಕಾಲು ಭಾಗ ಕೊಟ್ಟರೂ ಜಾಸ್ತಿಯಲ್ಲ. ಕೋಷ್ಟಕದಲ್ಲಿ ಪ್ರತಿ ಅಂಕಿಯ ಪಕ್ಕ ಎಷ್ಟು ಅಕ್ಷರಗಳಿಂದ, ಯಾವ ಬಗೆಯ ಪಠ್ಯದಿಂದ ಎಂದು ಬರೆಯಿರಿ. ಇಂಗ್ಲಿಷ್ ಸಾಲನ್ನು ಅದರ ಏಳು ‘ಎನ್’ಗಳ ಸಮೇತ ವಾಪಸ್ ಹಾಕಿ.